ಶೀಟಿನಲ್ಲಿ ಕಾಲಂ ಇಲ್ಲದ ಲೆಕ್ಕ

ಬ್ಯಾಸ್ಕೆಟ್‌ಬಾಲ್ ಪಂದ್ಯದ ಅಧಿಕೃತ ಸ್ಕೋರ್ ಶೀಟಿನ ಬಲಗಡೆ 1ರಿಂದ 160ರವರೆಗೆ ಅಂಕಿಗಳು ಸಾಲಾಗಿ ಅಚ್ಚಾಗಿರುತ್ತವೆ. ಬುಟ್ಟಿ ಬಿದ್ದರೆ ಅಂಕಿಯ ಮೇಲೊಂದು ಓರೆಗೆರೆ. ಫೌಲಿಗೆ ಸಿಗುವ ಒಂದಂಕಿಯ ಎಸೆತ, ಅಂದರೆ ಫ್ರೀ ಥ್ರೋ, ಆದರೆ ತುಂಬಿದ ಚುಕ್ಕೆ. ಮೂರು ಪಾಯಿಂಟಿನದಾದರೆ ಆಟಗಾರನ ನಂಬರಿನ ಸುತ್ತ ಒಂದು ಸೊನ್ನೆ. ಎಡಗಡೆ ಹೆಸರು, ನಂಬರು, ಫೌಲಿನ ಐದು ಮನೆಗಳು, ಟೈಮ್ ಔಟ್. ಹದಿನಾಲ್ಕು ವರ್ಷ ನಾನು ಆ ಮೇಜಿನ ಹಿಂದೆ ಕೂತಿದ್ದೇನೆ. ಅಂತರಕಾಲೇಜು ಪಂದ್ಯಗಳು, ಜಿಲ್ಲಾ ಮಟ್ಟದವು, ದಸರಾ ಕ್ರೀಡಾಕೂಟದವು. ಶೀಟು ಭರ್ತಿ ಮಾಡುವುದರಲ್ಲಿ ನನ್ನ ಕೈ ತಪ್ಪಿದ್ದು ಅಪರೂಪ.

ಆ ಶೀಟಿನಲ್ಲಿ ರೀಬೌಂಡಿಗೆ, ಅಂದರೆ ಗುರಿ ತಪ್ಪಿ ಪುಟಿದ ಚೆಂಡನ್ನು ಹಿಡಿದದ್ದಕ್ಕೆ, ಕಾಲಂ ಇಲ್ಲ. ಅಸಿಸ್ಟಿಗೂ, ಅಂದರೆ ಇನ್ನೊಬ್ಬನ ಬುಟ್ಟಿಗೆ ದಾರಿ ಮಾಡಿದ ಪಾಸಿಗೂ, ಇಲ್ಲ.

ನಮ್ಮ ಕಾಲೇಜು ತಂಡದಲ್ಲಿ ಒಬ್ಬ ಗಾರ್ಡ್ ಇದ್ದ, ಚೆಂಡನ್ನು ಮುಂದೊಯ್ದು ಆಟ ಹೂಡುವವನು. ಮಣ್ಣಿನ ಕೋರ್ಟಿನಲ್ಲಿ ಚೆಂಡು ಎತ್ತೆತ್ತಲೋ ಪುಟಿಯುತ್ತಿದ್ದ ಕಾಲ ಅದು. ಅವನ ಅಂಗೈಗೆ ಮಾತ್ರ ಸಾಕಿದ ನಾಯಿಯ ಹಾಗೆ ಹಿಂತಿರುಗಿ ಬರುತ್ತಿತ್ತು. ಎದುರಾಳಿ ಇಬ್ಬರನ್ನು ತನ್ನ ಕಡೆಗೆ ಎಳೆದುಕೊಂಡು, ಮೂರನೆಯವನು ಹೆಜ್ಜೆ ಎತ್ತುವ ಮುಂಚೆಯೇ ಚೆಂಡನ್ನು ರಿಂಗಿನ ಕೆಳಗಿದ್ದವನ ಕೈಗೆ ಇಟ್ಟುಬಿಡುತ್ತಿದ್ದ. ಒಂದು ಅಂತರಕಾಲೇಜು ಫೈನಲ್ ಗೆದ್ದೆವು, ಅವನಿಂದಲೇ ಗೆದ್ದೆವು. ಮುಗಿದ ಮೇಲೆ ಶೀಟು ನೋಡಿದರೆ ಅವನ ಹೆಸರಿನ ಮುಂದೆ ಆರು ಪಾಯಿಂಟು, ಮೂರು ಫೌಲು. ಮುಂದಿನ ವಾರ ಆ ಶೀಟುಗಳನ್ನಿಟ್ಟುಕೊಂಡೇ ತಂಡದ ಆಯ್ಕೆ ನಡೆಯಿತು. ಅವನ ಹೆಸರು ಬರಲಿಲ್ಲ. ಕಾಲು ಉಳುಕಿಸಿಕೊಂಡಿದ್ದ ನಾನು ಆ ಫೈನಲ್ಲಿನ ಶೀಟು ಬರೆದಿದ್ದೆ. ನಿಯಮದ ಪ್ರಕಾರ ಅದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಆಸ್ಕರ್ ರಾಬರ್ಟ್‌ಸನ್ ಎಂಬ ಹೆಸರು ನನ್ನನ್ನು ಹಿಡಿದುಕೊಂಡದ್ದು ಇಂಥ ಹಿನ್ನೆಲೆಯಲ್ಲಿ. ಬೇರೆಯವರು ಅವನ ಅಂಕಿಗಳನ್ನು ಓದಿ ಬೆರಗಾಗುತ್ತಾರೆ. ನನಗೆ ಆ ಅಂಕಿಗಳು ಬಿದ್ದ ರೀತಿ ಮತ್ತು ಅವು ಯಾರ ಕಣ್ಣಿಗೂ ಬೀಳದೆ ಉಳಿದ ರೀತಿ ಹೆಚ್ಚು ಕಾಡಿತು.

ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ 1961–62ರ ಋತುವನ್ನೇ ತೆಗೆದುಕೊಳ್ಳಿ. ಸಿನ್ಸಿನಾಟಿ ರಾಯಲ್ಸ್ ತಂಡದ ಗಾರ್ಡ್ ಆಸ್ಕರ್ ಆಡಿದ್ದು 79 ಪಂದ್ಯ. 2,432 ಪಾಯಿಂಟ್, 985 ರೀಬೌಂಡ್, 899 ಅಸಿಸ್ಟ್. ಭಾಗಿಸಿದರೆ ಪಂದ್ಯಕ್ಕೆ 30.8, 12.5, 11.4. ಮೂರು ಲೆಕ್ಕವೂ ಎರಡಂಕಿಯಲ್ಲಿ, ಅದೂ ಇಡೀ ಋತುವಿನ ಸರಾಸರಿಯಲ್ಲಿ. ಈಗ ಒಬ್ಬ ಆಟಗಾರ ಒಂದು ರಾತ್ರಿ ಇಷ್ಟು ಮಾಡಿದರೆ ಟ್ರಿಪಲ್-ಡಬಲ್ ಎಂದು ಟಿವಿಯವರು ಕೂಗುತ್ತಾರೆ. ಆಸ್ಕರ್ ಆ ಒಂದೇ ಋತುವಿನಲ್ಲಿ 41 ಸಲ ಮಾಡಿದ. ಯಾರೂ ಕೂಗಲಿಲ್ಲ, ಏಕೆಂದರೆ ಆ ಮಾತೇ ಆಗ ಹುಟ್ಟಿರಲಿಲ್ಲ. ಅದು ಬಳಕೆಗೆ ಬಂದದ್ದು ಅವನು ನಿವೃತ್ತನಾದ ಎಷ್ಟೋ ವರ್ಷಗಳ ಮೇಲೆ, ಎಂಬತ್ತರ ದಶಕದ ತಾರೆ ಮ್ಯಾಜಿಕ್ ಜಾನ್ಸನ್ ಕಾಲದಲ್ಲಿ. 1962ರಲ್ಲಿ ಎಲ್ಲರ ಕಣ್ಣು ವಿಲ್ಟ್ ಚೇಂಬರ್ಲೇನ್ ಮೇಲಿತ್ತು. ಒಂದೇ ಪಂದ್ಯದಲ್ಲಿ 100 ಪಾಯಿಂಟ್ ಹೊಡೆದು, ಋತುವಿಗೆ 50.4ರ ಸರಾಸರಿ ಇಟ್ಟ ದೈತ್ಯ. ಅತ್ಯುತ್ತಮ ಆಟಗಾರನ ಪ್ರಶಸ್ತಿ ಬಾಸ್ಟನ್ ತಂಡದ ಬಿಲ್ ರಸಲ್‌ಗೆ ಹೋಯಿತು. ಆಸ್ಕರ್‌ನ ಮೂರು ಎರಡಂಕಿಗಳು ಪುಸ್ತಕದಲ್ಲಿ ಮೂರು ಬೇರೆ ಬೇರೆ ಕಾಲಂಗಳಲ್ಲಿ ಬಿದ್ದುಕೊಂಡಿದ್ದವು. ಅವನ್ನು ಒಟ್ಟಿಗೆ ಓದಬೇಕು ಎಂದು ಯಾರಿಗೂ ತೋಚಿರಲಿಲ್ಲ, ಅವನಿಗೂ.

ಆಟಗಾರರನ್ನು ನಾವು ಏಕವಚನದಲ್ಲಿ ಕರೆಯುವುದು ಪ್ರೀತಿಗೆ. ಇಲ್ಲಿಯೂ ಅದನ್ನೇ ಮಾಡುತ್ತಿದ್ದೇನೆ.

ಹುಟ್ಟಿದ್ದು 1938ರ ನವೆಂಬರಿನಲ್ಲಿ, ಟೆನೆಸ್ಸೀ ರಾಜ್ಯದ ಶಾರ್ಲಟ್ ಎಂಬ ಹಳ್ಳಿಗಾಡಿನಲ್ಲಿ. ಅಪ್ಪ ಅಮ್ಮ ಮೂರು ಗಂಡುಮಕ್ಕಳನ್ನು ಕಟ್ಟಿಕೊಂಡು ಕೆಲಸ ಹುಡುಕಿ ಉತ್ತರದ ಇಂಡಿಯಾನಾಪೊಲಿಸ್‌ಗೆ ಬಂದರು. ಕಪ್ಪು ಜನರಿಗಾಗಿ ಸರ್ಕಾರ ಕಟ್ಟಿಸಿದ್ದ ಲಾಕ್‌ಫೀಲ್ಡ್ ಗಾರ್ಡನ್ಸ್ ವಸತಿಯ ಆಸುಪಾಸಿನ ಬದುಕು. ಚೆಂಡು ಕೊಳ್ಳಲು ಕಾಸಿಲ್ಲ. ಟೆನಿಸ್ ಚೆಂಡನ್ನೋ, ರಬ್ಬರ್ ಬ್ಯಾಂಡ್ ಸುತ್ತಿ ಉಂಡೆ ಮಾಡಿದ ಚಿಂದಿಬಟ್ಟೆಯನ್ನೋ ಹಿತ್ತಿಲಿನ ಹಣ್ಣಿನ ಬುಟ್ಟಿಗೆ ಎಸೆಯುತ್ತ ಕಲಿತ. ಬಡಾವಣೆಯ ಆಟದ ಬಯಲಿಗೆ ಅಲ್ಲಿನವರು ಇಟ್ಟಿದ್ದ ಹೆಸರು ಡಸ್ಟ್ ಬೌಲ್, ಧೂಳಿನ ಬಟ್ಟಲು. ಅಲ್ಲಿ ಗೆದ್ದವರು ಕೋರ್ಟಿನಲ್ಲಿ ಉಳಿಯುತ್ತಿದ್ದರು, ಸೋತವರು ಹೊರಗೆ ನಿಂತು ಕಾಯಬೇಕು. ಎಲ್ಲ ಊರಿನ ಮಣ್ಣಿನ ಕೋರ್ಟಿಗೂ ಇದೊಂದು ಕಾನೂನು ಸಮಾನ. ಒಂದು ಚೆಂಡು ಕಳೆದರೆ ಒಂದು ಗಂಟೆ ಕಾಯಬೇಕಾದೀತು ಎಂದು ಗೊತ್ತಿರುವವನು ಚೆಂಡನ್ನು ಸುಮ್ಮನೆ ಎಸೆಯುವುದಿಲ್ಲ. ಮುಂದೆ ಅವನ ಆಟದಲ್ಲಿ ಕಂಡ ಜಿಪುಣತನದ ಬೇರು ಅಲ್ಲಿದೆ ಎಂದು ನನಗನ್ನಿಸುತ್ತದೆ.

ಅವನು ಸೇರಿದ್ದು ಕ್ರಿಸ್ಪಸ್ ಅಟಕ್ಸ್ ಹೈಸ್ಕೂಲಿಗೆ. 1770ರಲ್ಲಿ ಬಾಸ್ಟನ್ನಿನ ಬೀದಿಯಲ್ಲಿ ಬ್ರಿಟಿಷ್ ಸಿಪಾಯಿಗಳ ಗುಂಡಿಗೆ ಬಲಿಯಾದ ಕಪ್ಪು ಮನುಷ್ಯನ ಹೆಸರಿನ ಶಾಲೆ. ಕಪ್ಪು ಜನರನ್ನು ದ್ವೇಷಿಸುವ ಬಿಳಿಯರ ಗುಂಪು ಕೂ ಕ್ಲಕ್ಸ್ ಕ್ಲಾನ್ ಇಂಡಿಯಾನಾದ ರಾಜಕೀಯದಲ್ಲಿ ಬೇರು ಬಿಟ್ಟಿದ್ದ ಕಾಲದಲ್ಲಿ, ಊರಿನ ಕಪ್ಪು ಮಕ್ಕಳನ್ನೆಲ್ಲ ಒಂದೆಡೆ ಬೇರೆ ಕೂಡಿಸಲು 1927ರಲ್ಲಿ ತೆರೆದದ್ದು. ಬೇರೆಡೆ ಕೆಲಸ ಸಿಗದ ಮಹಾ ವಿದ್ವಾಂಸರು ಅಲ್ಲಿ ಮೇಷ್ಟರಾಗಿದ್ದರು. ಆದರೆ ಪಂದ್ಯ ನಡೆಸುವಷ್ಟು ದೊಡ್ಡ ಜಿಮ್ ಇರಲಿಲ್ಲ. ಹಾಗಾಗಿ ಅಟಕ್ಸ್ ಹುಡುಗರಿಗೆ ಸ್ವಂತ ಅಂಗಳದ ಆಟ ಎಂಬುದೇ ಇಲ್ಲ. ಪ್ರತಿ ಪಂದ್ಯಕ್ಕೂ ಪರರ ಕೋರ್ಟಿಗೆ ಹೋಗಬೇಕು, ಪರರ ಪ್ರೇಕ್ಷಕರ ಮುಂದೆ ಆಡಬೇಕು. ಕೋಚ್ ರೇ ಕ್ರೋ ಈ ಹುಡುಗರಿಗೆ ಸಹನೆ ಕಲಿಸಿದರು. ರೆಫರಿಯ ಜೊತೆ ವಾದ ಬೇಡ, ತಳ್ಳಿದರೆ ತಿರುಗಿ ತಳ್ಳಬೇಡಿ, ಕೊನೆಯ ಕ್ಷಣದಲ್ಲಿ ರೆಫರಿಯ ಸೀಟಿಯ ಮೇಲೆ ಗೆಲುವು ನಿಲ್ಲದಷ್ಟು ಮುಂದೆ ಹೋಗಿಬಿಡಿ.

1954ರಲ್ಲಿ ಆಸ್ಕರ್ ಇನ್ನೂ ಕಿರಿಯ. ಆ ವರ್ಷ ಅಟಕ್ಸ್ ತಂಡವನ್ನು ಸೋಲಿಸಿ ಮುಂದೆ ಹೋದ ಮಿಲನ್ ಎಂಬ ಪುಟ್ಟ ಊರಿನ ಶಾಲೆ ರಾಜ್ಯ ಚಾಂಪಿಯನ್ ಆಯಿತು. ಆ ಗೆಲುವಿನ ಪ್ರೇರಣೆಯಿಂದ ಮುಂದೆ ಸಿನಿಮಾ ಕೂಡ ಬಂತು. ಮರುವರ್ಷ ನಡೆದದ್ದರ ಮೇಲೆ ಅಷ್ಟು ದೊಡ್ಡ ಸಿನಿಮಾ ಬರಲಿಲ್ಲ. 1955ರಲ್ಲಿ ಅಟಕ್ಸ್ 31 ಪಂದ್ಯ ಗೆದ್ದು, ಒಂದನ್ನು ಸೋತು, ಫೈನಲ್ಲಿನಲ್ಲಿ ಗ್ಯಾರಿ ಊರಿನ ರೂಸ್‌ವೆಲ್ಟ್ ಶಾಲೆಯನ್ನು 97–74ರಿಂದ ಮಣಿಸಿ ರಾಜ್ಯ ಪ್ರಶಸ್ತಿ ತಂದಿತು. ಎಲ್ಲ ಶಾಲೆಗಳೂ ಸೇರಿ ಆಡುವ ರಾಜ್ಯ ಟೂರ್ನಿಯೊಂದನ್ನು ಕಪ್ಪು ಮಕ್ಕಳ ಶಾಲೆ ಗೆದ್ದದ್ದು ಅಮೆರಿಕದಲ್ಲಿ ಅದೇ ಮೊದಲು. ಇನ್ನೊಂದು ಮಾತು. ಇಂಡಿಯಾನಾದ ಟೂರ್ನಿ ಶುರುವಾದದ್ದು 1911ರಲ್ಲಿ, ಅಲ್ಲಿಯವರೆಗೆ ರಾಜಧಾನಿ ಇಂಡಿಯಾನಾಪೊಲಿಸ್‌ನ ಯಾವ ಶಾಲೆಯೂ ಗೆದ್ದಿರಲಿಲ್ಲ. ನಲವತ್ತು ಚಿಲ್ಲರೆ ವರ್ಷ ಊರು ಕಾದಿದ್ದ ಪ್ರಶಸ್ತಿಯನ್ನು ಈ ಹುಡುಗರು ತಂದಿದ್ದರು.

ಗೆದ್ದ ತಂಡವನ್ನು ಅಗ್ನಿಶಾಮಕ ವಾಹನದ ಮೇಲೆ ಕೂರಿಸಿ ಊರ ನಡುವಿನ ಮಾನ್ಯುಮೆಂಟ್ ಸರ್ಕಲ್‌ಗೆ ಕರೆತಂದು, ಅಲ್ಲಿ ಇಳಿಸಿ, ಜನರೆಲ್ಲ ಸೇರಿ ಸಂಭ್ರಮಿಸುವುದು ಅಲ್ಲಿನ ವಾಡಿಕೆ. ಆ ರಾತ್ರಿ ವಾಹನ ಬಂತು. ಸರ್ಕಲ್‌ಗೆ ಒಂದು ಸುತ್ತು ಹಾಕಿತು. ನಿಲ್ಲಲಿಲ್ಲ. ನೇರವಾಗಿ ಕಪ್ಪು ಜನರ ಕೇರಿಯ ನಾರ್ತ್‌ವೆಸ್ಟರ್ನ್ ಪಾರ್ಕಿಗೆ ಹೋಗಿ ನಿಂತಿತು. ಅಲ್ಲಿ ಬೆಂಕಿ ಹಾಕಿ ಜನ ಕುಣಿದರು. ಊರ ನಡುವೆ ಗಲಭೆ ಆದೀತು ಎಂಬುದು ಅಧಿಕಾರಿಗಳು ಕೊಟ್ಟ ಸಬೂಬು. ಹದಿನಾರರ ಆಸ್ಕರ್ ಅಲ್ಲಿಂದ ಬೇಗನೆ ಎದ್ದು ಅಪ್ಪನ ಮನೆಗೆ ನಡೆದ. ಇವರಿಗೆ ನಾವು ಬೇಕಾಗಿಲ್ಲ ಎಂಬರ್ಥದ ಮಾತೊಂದನ್ನು ಅಪ್ಪನಿಗೆ ಹೇಳಿ ನೆಲದ ಮೇಲೆ ಮಲಗಿಬಿಟ್ಟ.

ನಾನು ಈ ಪ್ರಸಂಗವನ್ನು ಎಷ್ಟು ಸಲ ಓದಿದ್ದೇನೋ. ಆ ವಾಹನ ಹಾಕಿದ ಒಂದು ಸುತ್ತು ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಸರ್ಕಲ್‌ಗೆ ಕರೆದೇ ತರದಿದ್ದರೆ ಬೇರೆ ಮಾತಿತ್ತು. ತಂದರು, ತೋರಿಸಿದರು, ದಾಟಿಸಿಕೊಂಡು ಹೋದರು.

ಮರುವರ್ಷ ಅಟಕ್ಸ್ ಒಂದೂ ಪಂದ್ಯ ಸೋಲಲಿಲ್ಲ. 31ಕ್ಕೆ 31. ಇಂಡಿಯಾನಾದ ಇತಿಹಾಸದಲ್ಲಿ ಸೋಲಿಲ್ಲದ ಮೊದಲ ಚಾಂಪಿಯನ್ ತಂಡ ಅದು. ಎರಡು ಋತು ಸೇರಿ ಸತತ 45 ಗೆಲುವು.

ಅಲ್ಲಿಂದ ಪಕ್ಕದ ಒಹಾಯೊ ರಾಜ್ಯದ ಸಿನ್ಸಿನಾಟಿ ವಿಶ್ವವಿದ್ಯಾಲಯ. ಆಗಿನ ನಿಯಮದಂತೆ ಮೊದಲ ವರ್ಷದವರು ಮುಖ್ಯ ತಂಡದಲ್ಲಿ ಆಡುವಂತಿಲ್ಲ. ಎರಡನೆಯ ವರ್ಷ, 1958ರ ಜನವರಿ 9, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ದೊಡ್ಡ ಪತ್ರಿಕೆಗಳ ಕ್ರೀಡಾ ವರದಿಗಾರರೆಲ್ಲ ಕೂತ ಜಾಗ. ಸೀಟನ್ ಹಾಲ್ ವಿರುದ್ಧ ಸಿನ್ಸಿನಾಟಿ 118–54ರಿಂದ ಗೆದ್ದಿತು. ಆ ರಾತ್ರಿ ಆಸ್ಕರ್ ಒಬ್ಬನೇ ಹೊಡೆದದ್ದು 56. ಎದುರಾಳಿ ತಂಡ ಇಡಿಯಾಗಿ ಸೇರಿ ಗಳಿಸಿದ್ದಕ್ಕಿಂತ ಎರಡು ಜಾಸ್ತಿ. ಮೇಜಿನ ಹಿಂದೆ ಕೂತವನಾಗಿ ನಾನು ಆ ಶೀಟನ್ನು ಕಲ್ಪಿಸಿಕೊಳ್ಳುತ್ತೇನೆ. ಒಂದೇ ನಂಬರನ್ನು ಬರೆದೂ ಬರೆದೂ ಕೈ ಸೋತಿರಬೇಕು.

ಮೂರು ಋತುಗಳಲ್ಲಿ 88 ಪಂದ್ಯ, 79 ಗೆಲುವು, 9 ಸೋಲು. ಪಂದ್ಯಕ್ಕೆ 33.8 ಪಾಯಿಂಟ್. ಮೂರು ವರ್ಷವೂ ದೇಶದಲ್ಲೇ ಅತಿ ಹೆಚ್ಚು ಸ್ಕೋರ್ ಮಾಡಿದವನು ಅವನೇ. ಕಾಲೇಜು ಬಿಡುವಾಗ 2,973 ಪಾಯಿಂಟ್, ಅದುವರೆಗೆ ಯಾರೂ ಮುಟ್ಟದ ಎತ್ತರ. ಹತ್ತು ವರ್ಷದ ಮೇಲೆ ಪೀಟ್ ಮರವಿಚ್ ಅದನ್ನು ದಾಟಿದ. ಆದರೆ ರಾಷ್ಟ್ರೀಯ ಪ್ರಶಸ್ತಿ ಬರಲಿಲ್ಲ. 1959ರಲ್ಲೂ 1960ರಲ್ಲೂ ಸೆಮಿಫೈನಲ್ ತನಕ ಬಂದು, ಎರಡೂ ಸಲ ಕ್ಯಾಲಿಫೋರ್ನಿಯಾ ತಂಡಕ್ಕೆ ಸೋತರು. ಅವನು ಕಾಲೇಜು ಬಿಟ್ಟ ಮರುವರ್ಷ, ಅದರ ಮರುವರ್ಷ, ಎರಡು ಸಲ ಸಿನ್ಸಿನಾಟಿ ಚಾಂಪಿಯನ್ ಆಯಿತು. ಇದನ್ನು ಹಿಡಿದು ಅವನಿಲ್ಲದಿದ್ದಾಗಲೇ ತಂಡ ಚೆನ್ನಾಗಿತ್ತು ಎನ್ನುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ದೇಶದ ಒಳ್ಳೆಯ ಹುಡುಗರು ಆ ಊರಿನ ಹೆಸರು ಕೇಳಿ ಬರುವಂತೆ ಮಾಡಿದ್ದು ಅವನ ಮೂರು ವರ್ಷ.

ಆ ಮೂರು ವರ್ಷದಲ್ಲಿ ಪಂದ್ಯದ ಹೊರಗೆ ನಡೆದದ್ದು ಅಂಕಿಅಂಶದ ಪುಸ್ತಕದಲ್ಲಿ ಇಲ್ಲ. ಹ್ಯೂಸ್ಟನ್‌ಗೆ ಆಡಲು ಹೋದಾಗ ಹೋಟೆಲಿನವರು ಅವನನ್ನು ಇಟ್ಟುಕೊಳ್ಳಲು ಒಪ್ಪಲಿಲ್ಲ. ತಂಡದವರು ಹೋಟೆಲಿನಲ್ಲಿ ಉಳಿದರು. ಅವನು ಕಪ್ಪು ವಿದ್ಯಾರ್ಥಿಗಳ ಟೆಕ್ಸಸ್ ಸದರ್ನ್ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ರಾತ್ರಿ ಕಳೆದ. ಮರುದಿನ ಅದೇ ಹುಡುಗರ ಜೊತೆ ಆಡಬೇಕು, ಅವರಿಗೇ ಪಾಸ್ ಕೊಡಬೇಕು. ಇನ್ನು ಮುಂದೆ ತಂಡದಿಂದ ನನ್ನನ್ನು ಬೇರೆ ಇಟ್ಟರೆ ಆಡುವುದಿಲ್ಲ ಎಂದು ಕೋಚ್‌ಗೆ ಹೇಳಿದ. ಉತ್ತರ ಕ್ಯಾರೊಲಿನಾದಲ್ಲಿ ಪ್ರೇಕ್ಷಕರ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯಲಾರೆ. ಇಪ್ಪತ್ತು ವರ್ಷದ ಹುಡುಗ. ಎಡೆ ಬೇರೆ, ಪಂಕ್ತಿ ಬೇರೆ ಎಂಬುದನ್ನು ನಮ್ಮ ನೆಲದಲ್ಲಿ ಕಂಡುಂಡವರಿಗೆ ಆ ಹಾಸ್ಟೆಲ್ ಕೋಣೆ ಎಂಥದ್ದೆಂದು ವಿವರಿಸಬೇಕಾಗಿಲ್ಲ.

1960ರ ಬೇಸಿಗೆಯಲ್ಲಿ ರೋಮ್ ಒಲಿಂಪಿಕ್ಸ್, ನಮ್ಮ ಮಿಲ್ಖಾ ಸಿಂಗ್ ನಾಲ್ಕನೆಯವರಾಗಿ ಬಂದ ಅದೇ ಒಲಿಂಪಿಕ್ಸ್. ಆಸ್ಕರ್ ಮತ್ತು ಜೆರ್ರಿ ವೆಸ್ಟ್ ಜಂಟಿ ನಾಯಕರಾಗಿದ್ದ ಅಮೆರಿಕ ತಂಡ ಎಂಟಕ್ಕೆ ಎಂಟೂ ಗೆದ್ದು ಚಿನ್ನ ತಂದಿತು.

ನಂತರ ರಾಯಲ್ಸ್. ಆಗ ಒಂದು ಪದ್ಧತಿ ಇತ್ತು: ತನ್ನ ಊರಿನ ಸುತ್ತಲಿನ ಕಾಲೇಜಿನ ಆಟಗಾರನನ್ನು ಆ ಊರಿನ ವೃತ್ತಿಪರ ತಂಡ ಮೊದಲೇ ಕಾದಿರಿಸಿಕೊಳ್ಳಬಹುದು. ಹಾಗೆ ಆಸ್ಕರ್ ಸಿನ್ಸಿನಾಟಿಯಲ್ಲೇ ಉಳಿದ. ಉಳಿಯುತ್ತೀಯಾ ಎಂದು ಅವನನ್ನು ಯಾರೂ ಕೇಳಲಿಲ್ಲ. ಮೊದಲ ಋತುವಿನಲ್ಲೇ 30.5 ಸರಾಸರಿ, ವರ್ಷದ ಹೊಸ ಆಟಗಾರ ಪ್ರಶಸ್ತಿ, ಲೀಗಿನ ಆಯ್ದ ತಾರೆಗಳಷ್ಟೇ ಆಡುವ ಆಲ್-ಸ್ಟಾರ್ ಪಂದ್ಯದ ಶ್ರೇಷ್ಠ ಆಟಗಾರ. ಮೊದಲ ಐದು ಋತುಗಳನ್ನು ಒಟ್ಟು ಸೇರಿಸಿ ಸರಾಸರಿ ತೆಗೆದರೂ 30.3 ಪಾಯಿಂಟ್, 10.4 ರೀಬೌಂಡ್, 10.6 ಅಸಿಸ್ಟ್. 1964ರಲ್ಲಿ ಲೀಗಿನ ಅತ್ಯುತ್ತಮ ಆಟಗಾರ ಎಂದು ಆರಿಸಿದರು. ಆಗ ಮತ ಹಾಕುತ್ತಿದ್ದವರು ಸಹ ಆಟಗಾರರೇ, ಹಾಗಾಗಿ ಆ ಪ್ರಶಸ್ತಿಗೆ ತೂಕ ಹೆಚ್ಚು.

ಅವನ ಆಟದ ಹಳೆಯ ಕಪ್ಪುಬಿಳುಪು ತುಣುಕುಗಳನ್ನು ನೋಡಿದರೆ ಮೊದಲು ಸ್ವಲ್ಪ ನಿರಾಸೆಯಾಗಬಹುದು. ಹಾರಾಟವಿಲ್ಲ, ಬೆನ್ನ ಹಿಂದಿನ ಪಾಸ್ ಇಲ್ಲ. ಆರಡಿ ಐದಿಂಚಿನ ಗಾರ್ಡ್, ಆ ಕಾಲಕ್ಕೆ ಗಾರ್ಡ್‌ಗಳಲ್ಲಿ ಅದು ಭಾರೀ ಎತ್ತರ. ಎದುರಾಳಿಗೆ ಬೆನ್ನೋ ಭುಜವೋ ಕೊಟ್ಟು ಚೆಂಡು ಪುಟಿಸುವ ಒಂದೊಂದೇ ಡ್ರಿಬಲ್‌ಗೆ ಅರ್ಧ ಹೆಜ್ಜೆ ಒಳಗೆ ಸರಿಯುತ್ತಾನೆ. ಹದಿನೈದು ಅಡಿಯಿಂದ ಹೊಡೆಯಬಹುದು, ಹೊಡೆಯುವುದಿಲ್ಲ. ಹನ್ನೆರಡಕ್ಕೆ ಬರುತ್ತಾನೆ. ಇನ್ನೂ ಎರಡು ಅಡಿ ಸಿಗುತ್ತದೆಯೇ ಎಂದು ತಲೆಯಾಡಿಸಿ ನೋಡುತ್ತಾನೆ. ಎದುರಾಳಿ ಪಾದ ಎತ್ತಿದ ಕ್ಷಣ ಚೆಂಡು ಒಂದೇ ಕೈಯಲ್ಲಿ ತಲೆಯ ಹಿಂದಕ್ಕೆ ಏರುತ್ತದೆ, ಯಾರ ಕೈಗೂ ಎಟುಕದ ಜಾಗಕ್ಕೆ. ಇಬ್ಬರು ಮೈಮೇಲೆ ಬಂದರೆ ಬಿಡುವಾದವನ ಎದೆಗೆ ಸರಿಯಾಗಿ ಪಾಸ್ ಹೋಗುತ್ತದೆ. ನಾಲ್ಕನೆಯ ಸಲ ನೋಡುವಾಗ ನಿಮಗೆ ಅರ್ಥವಾಗುತ್ತದೆ, ಇಲ್ಲಿ ವ್ಯರ್ಥವಾದ ಒಂದು ಹೆಜ್ಜೆಯೂ ಇಲ್ಲ.

ತಂಡದವರ ತಪ್ಪನ್ನು ಅವನು ಸಹಿಸುತ್ತಿರಲಿಲ್ಲ. ಪಾಸ್ ಕೈಜಾರಿದರೆ ಅಲ್ಲೇ ಗದರುತ್ತಿದ್ದ. ರೆಫರಿಗಳ ಜೊತೆಗೂ ಜಗಳ. ಸಿಡುಕ, ಕಹಿ ಮನುಷ್ಯ ಎಂಬ ಹೆಸರು ಅಂಟಿಕೊಂಡಿತು, ಇಂದಿಗೂ ಪೂರ್ತಿ ಬಿಟ್ಟಿಲ್ಲ. ನಾನು ಅವನನ್ನು ಲೆಕ್ಕ ಸರಿಯಿರಬೇಕು ಎನ್ನುವ ಮನುಷ್ಯ ಎಂದು ಓದಿಕೊಳ್ಳುತ್ತೇನೆ. ಹನ್ನೆರಡು ಅಡಿಯನ್ನು ಹತ್ತು ಮಾಡಿಕೊಳ್ಳುವವನಿಗೆ ಉದಾಸೀನದಿಂದ ಬಿಟ್ಟ ಚೆಂಡು ನೋವು ಕೊಡುತ್ತದೆ. ಸರ್ಕಲ್‌ನಲ್ಲಿ ನಿಲ್ಲದೆ ಹೋದ ವಾಹನವನ್ನು ಹದಿನಾರನೇ ವಯಸ್ಸಿನಲ್ಲಿ ಕಂಡವನಿಗೆ ಹೋಗಲಿ ಬಿಡು ಎನ್ನುವುದು ಬರುವುದಿಲ್ಲ.

ರಾಯಲ್ಸ್ ತಂಡದಲ್ಲಿ ಆಸ್ಕರ್ ಬರುವ ಮೊದಲೇ ಒಂದು ದುರಂತ ನಡೆದಿತ್ತು. ಮಾರಿಸ್ ಸ್ಟೋಕ್ಸ್ ಎಂಬ ಅದ್ಭುತ ಆಟಗಾರ 1958ರ ಮಾರ್ಚಿನಲ್ಲಿ ಪಂದ್ಯದ ನಡುವೆ ಬಿದ್ದು ತಲೆಗೆ ಏಟು ಮಾಡಿಕೊಂಡ. ಎದ್ದು ಆಟ ಮುಂದುವರಿಸಿದ. ಮೂರು ದಿನದ ಮೇಲೆ ಕುಸಿದು, ಪಾರ್ಶ್ವವಾಯುವಿಗೆ ತುತ್ತಾಗಿ, ಮತ್ತೆ ಏಳಲಿಲ್ಲ. ಅವನಿಗಾಗ ಇಪ್ಪತ್ತನಾಲ್ಕು ವರ್ಷ. ಆಟಗಾರರಿಗೆ ಪಿಂಚಣಿ ಇಲ್ಲ, ಇಂಥ ಗತಿ ಬಂದರೆ ಕೈಹಿಡಿಯುವ ವೈದ್ಯಕೀಯ ವಿಮೆಯೂ ಇಲ್ಲ. ತಂಡದ ಬಿಳಿಯ ಆಟಗಾರ ಜ್ಯಾಕ್ ಟ್ವೈಮನ್ ಕಾನೂನುಬದ್ಧ ಪೋಷಕನಾಗಿ ನಿಂತು, ಚಂದಾ ಎತ್ತಿ, ಸಹಾಯಾರ್ಥ ಪಂದ್ಯ ಆಡಿಸಿ, 1970ರಲ್ಲಿ ಸ್ಟೋಕ್ಸ್ ಸಾಯುವವರೆಗೂ ನೋಡಿಕೊಂಡ. ತಮ್ಮನ ಹಾಗೆ ನೋಡಿಕೊಂಡ. ಆಸ್ಕರ್ ಅದೇ ಟ್ವೈಮನ್ ಜೊತೆ ಆಡುತ್ತ, ಅದೇ ಊರಿನ ಆಸ್ಪತ್ರೆಯಲ್ಲಿ ಸ್ಟೋಕ್ಸ್ ಮಲಗಿದ್ದುದನ್ನು ಬಲ್ಲವನಾಗಿ ವರ್ಷಗಳನ್ನು ಕಳೆದ. ಮುಂದೆ ಅವನು ಮಾಡಿದ್ದನ್ನು ಇದರಿಂದ ಬೇರ್ಪಡಿಸಿ ನೋಡಲು ನನ್ನಿಂದಾಗುವುದಿಲ್ಲ.

1964ರ ಜನವರಿ 14, ಬಾಸ್ಟನ್ ಗಾರ್ಡನ್. ಆಲ್-ಸ್ಟಾರ್ ಪಂದ್ಯ, ಟಿವಿಯಲ್ಲಿ ದೇಶಕ್ಕೆಲ್ಲ ನೇರ ಪ್ರಸಾರವಾಗುವ ರಾತ್ರಿ. ಹೊರಗೆ ಹಿಮ. ಒಳಗೆ ಡ್ರೆಸ್ಸಿಂಗ್ ಕೋಣೆಯಲ್ಲಿ ರಸಲ್, ಚೇಂಬರ್ಲೇನ್, ವೆಸ್ಟ್, ಎಲ್ಜಿನ್ ಬೇಲರ್, ರಾಬರ್ಟ್‌ಸನ್ ಎಲ್ಲರೂ ಬಾಗಿಲು ಹಾಕಿಕೊಂಡು ಕೂತುಬಿಟ್ಟರು. ಪಿಂಚಣಿಯ ಭರವಸೆ ಸಿಗದೆ ಕೋರ್ಟಿಗೆ ಇಳಿಯುವುದಿಲ್ಲ. ಮಾಲೀಕರು ಹೆದರಿಸಿದರು. ಟಿವಿಯವರು ಪಂದ್ಯ ಕೈಬಿಡುತ್ತೇವೆ ಎಂದರು. ಕೊನೆಗೆ ಲೀಗಿನ ಅಧ್ಯಕ್ಷ ವಾಲ್ಟರ್ ಕೆನಡಿ ಬಂದು ಮಾತು ಕೊಟ್ಟ ಮೇಲೆ ಆಟ ತಡವಾಗಿ ಶುರುವಾಯಿತು. ಆ ರಾತ್ರಿ 26 ಪಾಯಿಂಟ್, 14 ರೀಬೌಂಡ್, 8 ಅಸಿಸ್ಟ್ ಮಾಡಿ ಪಂದ್ಯದ ಶ್ರೇಷ್ಠ ಆಟಗಾರನಾದವನು ಆಸ್ಕರ್. ಕೋಣೆಯ ಒಳಗಿನ ಒತ್ತಡ ಅವನ ಕೈಯನ್ನು ನಡುಗಿಸಲಿಲ್ಲ.

1965ರಲ್ಲಿ ಆಟಗಾರರ ಸಂಘದ ಅಧ್ಯಕ್ಷನಾದ. ಒಂಬತ್ತು ವರ್ಷ ಆ ಹೊಣೆ ಹೊತ್ತ. ಆಗಿನ ಸ್ಥಿತಿ ಏನಿತ್ತೆಂದರೆ, ಕಾಲೇಜಿನಿಂದ ಬಂದ ಆಟಗಾರನನ್ನು ಯಾವ ತಂಡ ಆರಿಸಿತೋ ಅವನು ಆ ತಂಡದ ಸ್ವತ್ತು. ಒಪ್ಪಂದ ಮುಗಿದರೂ ಬೇರೆ ತಂಡಕ್ಕೆ ಹೋಗುವ ಸ್ವಾತಂತ್ರ್ಯ ಇಲ್ಲ. ತಂಡ ಬೇಕಾದರೆ ಮಾರಬಹುದು, ಆಟಗಾರ ಹೊರಡುವಂತಿಲ್ಲ. 1967ರಲ್ಲಿ ಎಬಿಎ ಎಂಬ ಪ್ರತಿಸ್ಪರ್ಧಿ ಲೀಗ್ ಹುಟ್ಟಿದಾಗ ಆಟಗಾರರಿಗೆ ಮೊದಲ ಸಲ ಇನ್ನೊಂದು ಬಾಗಿಲು ಕಂಡಿತು. ಎರಡೂ ಲೀಗುಗಳ ಮಾಲೀಕರು ಕೂಡಿ ಒಂದಾಗಿ ಆ ಬಾಗಿಲನ್ನು ಮುಚ್ಚಲು ಹೊರಟರು. 1970ರ ಏಪ್ರಿಲಿನಲ್ಲಿ ಹದಿನಾಲ್ಕು ಆಟಗಾರರು ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಮೊದಲ ಹೆಸರು ಅಧ್ಯಕ್ಷನದು. ಹಾಗಾಗಿ ಅದು ಇತಿಹಾಸದಲ್ಲಿ ರಾಬರ್ಟ್‌ಸನ್ ವಿರುದ್ಧ ಎನ್‌ಬಿಎ ಎಂದೇ ಉಳಿಯಿತು.

ಅದೇ ಏಪ್ರಿಲಿನಲ್ಲಿ ರಾಯಲ್ಸ್ ಬೇರೆ ಆಟಗಾರರಿಗೆ ಬದಲಾಗಿ ಅವನನ್ನು ಕೊಟ್ಟುಬಿಟ್ಟಿತು. ಹಿಂದಿನ ವರ್ಷ ಬಾಬ್ ಕೂಸಿ ಕೋಚ್ ಆಗಿ ಬಂದಿದ್ದರು, ಇಬ್ಬರಿಗೂ ಹೊಂದಿರಲಿಲ್ಲ. ಮೊದಲು ಬಾಲ್ಟಿಮೋರ್‌ಗೆ ಕಳಿಸುವ ಮಾತಾಯಿತು. ಒಪ್ಪಂದದಲ್ಲಿ ತನ್ನ ಒಪ್ಪಿಗೆಯಿಲ್ಲದೆ ಬೇರೆ ತಂಡಕ್ಕೆ ಕಳಿಸುವಂತಿಲ್ಲ ಎಂಬ ಸಾಲೊಂದನ್ನು ಆಸ್ಕರ್ ಬರೆಸಿಕೊಂಡಿದ್ದ. ಒಪ್ಪಲಿಲ್ಲ. ಹೋದದ್ದು ಮಿಲ್ವಾಕಿ ಬಕ್ಸ್‌ಗೆ. ಅಲ್ಲಿ ಏಳಡಿ ಎರಡಿಂಚಿನ ಲ್ಯೂ ಆಲ್ಸಿಂಡರ್ ತನ್ನ ಎರಡನೆಯ ಋತುವಿಗೆ ಸಿದ್ಧನಾಗುತ್ತಿದ್ದ.

ಮಿಲ್ವಾಕಿಯ 1970–71ರ ಋತು ನನಗೆ ಆಸ್ಕರ್‌ನ ಬದುಕಿನ ಅತಿ ಸುಂದರ ಭಾಗ. 30 ಪಾಯಿಂಟ್ ಹೊಡೆಯುತ್ತಿದ್ದವನು 19ಕ್ಕೆ ಇಳಿದ. ಇಳಿದ ಎನ್ನುವುದಕ್ಕಿಂತ ಇಳಿಸಿಕೊಂಡ. ಮುಪ್ಪಿನತ್ತ ಸರಿಯುತ್ತಿದ್ದ ಮೊಣಕಾಲಿಗೆ ಎಷ್ಟು ಕೆಲಸ ಕೊಡಬೇಕು, ಆ ಎತ್ತರದ ಹುಡುಗನಿಗೆ ಚೆಂಡು ಯಾವ ಜಾಗದಲ್ಲಿ, ಯಾವ ಎತ್ತರದಲ್ಲಿ ಸಿಗಬೇಕು, ಎಲ್ಲವೂ ಅಳತೆಗೆ ಸಿಕ್ಕಿತ್ತು. 66 ಗೆಲುವು, 16 ಸೋಲು, ನಡುವೆ ಸತತ 20 ಗೆಲುವಿನ ಓಟ. ಫೈನಲ್ಲಿನಲ್ಲಿ ಎದುರಾದದ್ದು ತಾನು ಹೋಗಲು ಒಪ್ಪದಿದ್ದ ಬಾಲ್ಟಿಮೋರ್ ತಂಡವೇ. ನಾಲ್ಕಕ್ಕೆ ನಾಲ್ಕು ಗೆದ್ದರು. ಕೊನೆಯ ಪಂದ್ಯದಲ್ಲಿ ಆಸ್ಕರ್ 30 ಪಾಯಿಂಟ್ ಹೊಡೆದ, ಹಳೆಯ ಕೈ ಇನ್ನೂ ಇದೆ ಎನ್ನುವ ಹಾಗೆ. ಹತ್ತು ವರ್ಷ ಕಾದ ಪ್ರಶಸ್ತಿ. ಆ ಗೆಲುವಿನ ಬೆನ್ನಿಗೇ ಆಲ್ಸಿಂಡರ್ ತಾನಿನ್ನು ಕರೀಮ್ ಅಬ್ದುಲ್-ಜಬ್ಬಾರ್ ಎಂದು ಜಗತ್ತಿಗೆ ಹೇಳಿದ.

1974ರ ಫೈನಲ್ಲಿನಲ್ಲಿ ಬಾಸ್ಟನ್ ವಿರುದ್ಧ ಏಳನೆಯ ಪಂದ್ಯದಲ್ಲಿ ಸೋತ ಮೇಲೆ ಆಟ ನಿಲ್ಲಿಸಿದ. 1,040 ಪಂದ್ಯ, 26,710 ಪಾಯಿಂಟ್, 9,887 ಅಸಿಸ್ಟ್, 7,804 ರೀಬೌಂಡ್. ಆಗಿನ ದಾಖಲೆಗಾರರು ಅಸಿಸ್ಟ್ ಕೊಡುವುದರಲ್ಲಿ ಬಿಗಿಯಾಗಿದ್ದರು. ಪಾಸ್ ಹಿಡಿದವನು ಒಂದು ಡ್ರಿಬಲ್ ಮಾಡಿ ಹೊಡೆದರೂ ಎಷ್ಟೋ ಕಡೆ ಲೆಕ್ಕಕ್ಕೆ ಬರುತ್ತಿರಲಿಲ್ಲ. ಇಂದಿನ ಕೈಗಳು ಆ ಶೀಟುಗಳನ್ನು ಬರೆದಿದ್ದರೆ ಆ 9,887 ಎಲ್ಲಿಗೆ ಹೋಗಿ ನಿಲ್ಲುತ್ತಿತ್ತೋ.

ದಾವೆ ಮುಗಿದದ್ದು 1976ರಲ್ಲಿ, ರಾಜಿಯಲ್ಲಿ. ಒಪ್ಪಂದ ಮುಗಿದ ಆಟಗಾರ ಬೇರೆ ತಂಡದ ಜೊತೆ ಮಾತಾಡುವ ದಾರಿ ತೆರೆಯಿತು. ಮೊದಮೊದಲು ಅದಕ್ಕೂ ನೂರೆಂಟು ಕಟ್ಟುಪಾಡುಗಳಿದ್ದವು. ಯಾವ ಅಡ್ಡಿಯೂ ಇಲ್ಲದೆ ಸಹಿ ಹಾಕುವ ಸ್ವಾತಂತ್ರ್ಯ 1988ಕ್ಕೆ ಬಂತು, ಟಾಮ್ ಚೇಂಬರ್ಸ್ ಸಿಯಾಟಲ್ ಬಿಟ್ಟು ಫೀನಿಕ್ಸ್ ಸೇರಿದಾಗ. ಇಂದು ನೂರಾರು ಕೋಟಿಯ ಒಪ್ಪಂದಕ್ಕೆ ಸಹಿ ಹಾಕುವ ಪ್ರತಿಯೊಬ್ಬನ ಕಾಲ ಕೆಳಗೂ ಆ ದಾವೆಯ ಕಾಗದಗಳಿವೆ. ಆ ರಾಜಿಯ ನಂತರವೇ ಎರಡು ಲೀಗುಗಳು ಸೇರಿದ್ದು, ಎಬಿಎಯ ನಾಲ್ಕು ತಂಡಗಳು ಎನ್‌ಬಿಎಗೆ ಬಂದದ್ದು. ಅವುಗಳಲ್ಲಿ ಒಂದು ಇಂಡಿಯಾನಾ ಪೇಸರ್ಸ್, ಆಸ್ಕರ್ ಬೆಳೆದ ಊರಿನ ತಂಡ.

ಅವನಿಗೇನು ಸಿಕ್ಕಿತು? ರಾಜಿ ಆಗುವಷ್ಟರಲ್ಲಿ ಅವನು ಆಟ ಬಿಟ್ಟು ಎರಡು ವರ್ಷ. ಟಿವಿಯಲ್ಲಿ ವೀಕ್ಷಕ ವಿವರಣೆಯ ಕೆಲಸ ಒಂದು ಋತುವಿಗೆ ಮುಗಿಯಿತು. ಲೀಗಿನ ಯಾವ ತಂಡವೂ ಕೋಚ್ ಆಗು ಎಂದು ಕರೆಯಲಿಲ್ಲ. ಆ ಮೊಕದ್ದಮೆಯೇ ಬಾಗಿಲು ಮುಚ್ಚಿಸಿತು ಎಂದು ಅವರು ಹಲವು ಸಲ ಹೇಳಿದ್ದಾರೆ. ಸಿನ್ಸಿನಾಟಿಯಲ್ಲೇ ಉಳಿದು ವ್ಯಾಪಾರ ಉದ್ಯಮ ಕಟ್ಟಿದರು. 1997ರಲ್ಲಿ ಮಗಳ ಮೂತ್ರಪಿಂಡ ಲ್ಯೂಪಸ್ ಕಾಯಿಲೆಯಿಂದ ಸೋತಾಗ ತಮ್ಮದೊಂದನ್ನು ಕೊಟ್ಟರು. (ಬರೆಯುತ್ತ ಬರೆಯುತ್ತ ಬಹುವಚನಕ್ಕೆ ಬಂದಿದ್ದೇನೆ. ಇರಲಿ.)

2017ರಲ್ಲಿ ಒಕ್ಲಹೋಮಾ ಸಿಟಿಯ ಗಾರ್ಡ್ ರಸಲ್ ವೆಸ್ಟ್‌ಬ್ರೂಕ್ ಒಂದೇ ಋತುವಿನಲ್ಲಿ 42 ಟ್ರಿಪಲ್-ಡಬಲ್ ಮಾಡಿ 1962ರ 41ನ್ನು ದಾಟಿದ. 55 ವರ್ಷ ನಿಂತಿದ್ದ ದಾಖಲೆ. ಕೊನೆಯ ಪಂದ್ಯಕ್ಕೆ ರಾಬರ್ಟ್‌ಸನ್ ಅವರೇ ಬಂದರು. ಇಲ್ಲಿ ಬೆಳಗಿನ ಹೊತ್ತು, ನಾನು ಫೋನಿನಲ್ಲಿ ನೋಡುತ್ತಿದ್ದೆ. ಎಪ್ಪತ್ತೆಂಟರ ಹಿರಿಯ, ಕೋರ್ಟಿನ ನಡುವೆ ಮೈಕು ಹಿಡಿದು ನಿಂತು, ಆ ಹುಡುಗನನ್ನು ಬಾಯ್ತುಂಬ ಹೊಗಳಿದರು. ಈ ವರ್ಷದ ಅತ್ಯುತ್ತಮ ಆಟಗಾರ ಇವನೇ ಎಂದರು. ಕ್ರೀಡಾಂಗಣ ಎದ್ದು ನಿಂತಿತು. ಆ ಪ್ರಶಸ್ತಿ ವೆಸ್ಟ್‌ಬ್ರೂಕ್‌ಗೇ ಬಂತು. ಅದೇ ಲೆಕ್ಕಕ್ಕೆ 1962ರಲ್ಲಿ ಬಂದಿರದ ಪ್ರಶಸ್ತಿ. ನಾಲ್ಕು ವರ್ಷದ ಮೇಲೆ ಜೀವಮಾನದ ಒಟ್ಟು 181ರ ದಾಖಲೆಯೂ ಅವನ ಕೈಸೇರಿತು.

ಫೋನಿನಲ್ಲಿ ಅದು ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಆಮೇಲೆ ಕಾಲೇಜಿನ ಆ ಗಾರ್ಡ್‌ಗೆ ಫೋನ್ ಮಾಡಿದೆ. ಈಗ ಅವನು ಬೇರೆ ಊರಿನಲ್ಲಿದ್ದಾನೆ, ಅಂಗಡಿ ಇಟ್ಟುಕೊಂಡಿದ್ದಾನೆ. ಮಾತಾಡಿ ಎಷ್ಟೋ ವರ್ಷ ಆಗಿತ್ತು. ಮನೆ, ಮಕ್ಕಳು ಎಲ್ಲ ಆಯಿತು. ಆ ಫೈನಲ್ ನೆನಪಿದೆಯಾ ಎಂದೆ. ಇದೆ ಎಂದ. ಅವತ್ತು ನೀನು ಎಷ್ಟು ಅಸಿಸ್ಟ್ ಕೊಟ್ಟಿದ್ದೆ, ನಾನು ಬರೆದುಕೊಳ್ಳಲೇ ಇಲ್ಲ ನೋಡು, ಎಂದೆ.

"ಹನ್ನೊಂದು" ಎಂದ, ಒಂದು ಕ್ಷಣವೂ ಯೋಚಿಸದೆ.